ಮಂಡ್ಯ ಸೀಮೆಯ ಉತ್ಕರ್ಷಣ ನಿರೋಧಕ ಮೀಮಾಂಸೆ: ಒಂದು ಅಪೂರ್ಣ ಪ್ರಬಂಧ

ಪೀಠಿಕೆ: ಆಮ್ಲಜನಕವು ಪ್ರಾಣದಾಯಕವೂ ಹೌದು, ಪ್ರಾಣಘಾತಕವೂ ಹೌದು ಎಂಬ ದ್ವಂದ್ವಾತ್ಮಕ ಪ್ರಮೇಯವನ್ನು ಮಂಡ್ಯದ ಕಲ್ಯಾಣಮಂಟಪವೊಂದರ ಉಚಿತ ಆರೋಗ್ಯ ಶಿಬಿರದಲ್ಲಿ ಕೋಟುಧಾರಿ ಪ್ರಾಜ್ಞರೊಬ್ಬರು ಸ್ಲೈಡ್ ಸಹಿತ ಮಂಡಿಸಿದರು. ಅವರ ಪ್ರಕಾರ ದೇಹವೆಂಬ ಕೋಟೆಗೆ ಫ್ರೀ ರಾಡಿಕಲ್ಲುಗಳೆಂಬ ಪುಂಡರು ನುಗ್ಗಿದ್ದಾರೆ. ಕಾಯಲು ಉತ್ಕರ್ಷಣ ನಿರೋಧಕಗಳ ಸೇನೆ ಬೇಕು. ಸೇನೆಯ ಬಿಡಾರ ಅವರ ಮೇಜಿನ ಮೇಲಿದ್ದ ಡಬ್ಬಿ. ಈ ಸಿದ್ಧಾಂತವನ್ನು ಸ್ಥಳೀಯ ಆಕರಗಳಿಂದ ಪುಷ್ಟೀಕರಿಸುವುದೇ ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶ.

ವರ್ಗೀಕರಣ: ಜಿಲ್ಲೆಯ ಆಹಾರ ಏಳು ವರ್ಗಗಳದು.

ಒಂದು, ಉಭಯಪಕ್ಷೀಯ ವರ್ಗ. ನಿದರ್ಶನ: ಮದ್ದೂರು ವಡೆ. ಈರುಳ್ಳಿಯಲ್ಲಿ ಕ್ವೆರ್ಸಿಟಿನ್ ಎಂಬ ನಿರೋಧಕವಿದೆ. ಬಾಣಲೆಯ ಎಣ್ಣೆ ಮತ್ತೆ ಮತ್ತೆ ಕಾದರೆ ಅದೇ ಉತ್ಕರ್ಷಣಗೊಂಡು ಎದುರುಪಕ್ಷ ಸೇರುತ್ತದೆ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ. 25 ದಾಟಬಾರದೆಂದು ಆಹಾರ ಸುರಕ್ಷತಾ ನಿಯಮವಿದೆ. ರೈಲಿನ ಕಿಟಕಿಯಿಂದ ಕೈ ಚಾಚಿದವನು ಈ ಧ್ರುವಗಳನ್ನು ಅಳೆಯಲಾರನಾದ್ದರಿಂದ ಫಲಿತಾಂಶ ಅನಿರ್ಣೀತ.

ಎರಡು, ಪರೋಪಕಾರಿ ವರ್ಗ. ಮಳವಳ್ಳಿಯ ಹಿಪ್ಪುನೇರಳೆ ಸೊಪ್ಪಿನಲ್ಲಿ ಫ್ಲೇವನಾಯ್ಡುಗಳು ಹೇರಳ. ಅಷ್ಟೂ ರೇಷ್ಮೆಹುಳುವಿನ ಹೊಟ್ಟೆ ಸೇರುವುದರಿಂದ ತಾಲ್ಲೂಕಿನ ಅತ್ಯಂತ ನಿರುತ್ಕರ್ಷಿತ ಪ್ರಜೆ ಹುಳುವೇ. ಗೂಡನ್ನು ಬಿಸಿನೀರಿಗೆ ಹಾಕುವ ಕಾರಣ ಅದರ ದೀರ್ಘಾಯುಷ್ಯದ ದಾಖಲೆ ಲಭ್ಯವಿಲ್ಲ.

ಮೂರು, ಪುನರುತ್ಥಿತ ವರ್ಗ. ರಾಗಿಯ ಪಾಲಿಫಿನಾಲುಗಳು ಬಹುಪಾಲು ಕಾಳಿನ ಕೆಂಪು ಸಿಪ್ಪೆಯಲ್ಲಿವೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ನೆಂಟಸ್ತನ ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟಾಗ ಅದು ಸೂಪರ್‌ಫುಡ್ ಆಗಿರಲಿಲ್ಲ. ಹಸಿದವರು ಮುದ್ದೆ ಮಾಡಿ ಉಂಡರು, ಅಷ್ಟೆ. ಅದೇ ಹಿಟ್ಟು ಈಗ ಡಬ್ಬಿ ಹೊಕ್ಕು, ಇಂಗ್ಲಿಷ್ ಹೆಸರಿಟ್ಟುಕೊಂಡು, ನಮಗೇ ಉಪನ್ಯಾಸ ಕೊಡಲು ಬಂದಿದೆ.

ನಾಲ್ಕು, ಬೆಲ್ಲ. ಉಳಿದ ಮೂರು ವರ್ಗಗಳನ್ನು ಯಾರಾದರೂ ಪಿಎಚ್‌ಡಿಯವರು ಬರೆದುಕೊಳ್ಳಲಿ.

ಕಬ್ಬಿನ ಹಾಲಿನ ಫಿನಾಲಿಕ್ ಅಂಶಗಳು ಸಕ್ಕರೆ ಕಾರ್ಖಾನೆಯಲ್ಲಾದರೆ ಬಹುಪಾಲು ಕಾಕಂಬಿಯ ಪಾಲು. ಆಲೆಮನೆಯಲ್ಲಿ ಬೆಲ್ಲದಲ್ಲೇ ಉಳಿಯುತ್ತವೆ. ಬೆಂಡೆಗಿಡದ ಲೋಳೆ ಬಿಟ್ಟು, ಮೇಲೆ ಬಂದ ಮಡ್ಡಿ ತೆಗೆದು ಕಾಯಿಸಿದರೆ ಬೆಲ್ಲ ಕೆಂಪಗೋ ಕಪ್ಪಗೋ ಇಳಿಯುತ್ತದೆ. ಮಂಡಿಗೆ ಬೇಕಾದದ್ದು ಹಳದಿ. ಆದ್ದರಿಂದ ಕೊಪ್ಪರಿಗೆಗೆ ಹೈಡ್ರೋಸ್ ಬೀಳುತ್ತದೆ: ಸೋಡಿಯಂ ಹೈಡ್ರೋಸಲ್ಫೈಟ್, ಬಟ್ಟೆಯ ಬಣ್ಣ ತೆಗೆಯಲು ಬಳಸುವ ಬಿಳಿ ಪುಡಿ. ಪುಡಿ ಬಿದ್ದದ್ದೇ ನೊರೆ ಏಳುತ್ತದೆ, ಗಂಧಕದ ಘಾಟು ಮೂಗಿಗೆ ಹೊಡೆಯುತ್ತದೆ, ಕಂದು ಪಾಕ ಕಣ್ಣೆದುರೇ ಬೆಳ್ಳಗಾಗುತ್ತ ಬರುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ ಮೀರಬಾರದೆಂಬ ಕಾನೂನಿದೆ. ಪುಡಿ ಎರಚುವ ಕೈಗೆ ಆ ಲೆಕ್ಕ ಹೇಗೆ ತಿಳಿಯಬೇಕು?

ಇಲ್ಲಿ ಪ್ರಬಂಧದ ಏಕೈಕ ಮೌಲಿಕ ಶೋಧ: ಹೈಡ್ರೋಸ್ ಬಲವಾದ ಅಪಕರ್ಷಕ. ಅಂದರೆ ಕೋಟುಧಾರಿಗಳ ವ್ಯಾಖ್ಯಾನದಂತೆ ಜಿಲ್ಲೆಯ ಸರ್ವಶ್ರೇಷ್ಠ ಉತ್ಕರ್ಷಣ ನಿರೋಧಕ ಅದೇ. ಡಬ್ಬಿಗೆ ತುಂಬಿ ಮಾರಬಹುದು.

ನಗಬೇಕೆಂದೇ ಬರೆದೆ, ನಗು ಬರುತ್ತಿಲ್ಲ. ಆಲೆಮನೆಯಲ್ಲಿ ಕೇಳಿ ನೋಡಿ: "ಯಾಕ್ ಹಾಕ್ತೀರಿ ಅಂತ ನಮ್ಮನ್ನೇ ಕೇಳ್ತೀರಲ್ಲಣ್ಣ, ಕರ್ರಗಿರೋ ಬೆಲ್ಲ ಹೊತ್ಕೊಂಡೋದ್ರೆ ಮೂಸೂ ನೋಡಲ್ಲ ಕಣಣ್ಣ." ಹಳದಿ ಬೇಕೆಂದವರು ನಾವು. ಬೆಲ್ಲದ ಕಪ್ಪನ್ನು ತೊಳೆಸಿ, ರಾಗಿಯ ಸಿಪ್ಪೆಯನ್ನು ಜರಡಿ ಹಿಡಿಸಿ, ಆಮೇಲೆ ಅದನ್ನೇ ಗುಳಿಗೆಯಲ್ಲಿ ಹುಡುಕುತ್ತಿದ್ದೇವೆ.

ಆ ಗುಳಿಗೆಯ ಕಥೆಯಾದರೂ ಏನು? ಫಿನ್ಲೆಂಡಿನಲ್ಲಿ 29 ಸಾವಿರ ಗಂಡಸು ಧೂಮಪಾನಿಗಳ ಮೇಲೆ ನಡೆದ ಪರೀಕ್ಷೆಯ ಫಲ 1994ರಲ್ಲಿ ಬಂತು: ಬೀಟಾ ಕ್ಯಾರೊಟಿನ್ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಆಹಾರಗಳಿಗೆ ಉತ್ಕರ್ಷಣ ನಿರೋಧಕ ಅಂಕ ಕೊಡುವ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತಾನೇ ತೆಗೆದುಹಾಕಿತು. ಪ್ರಯೋಗಶಾಲೆಯ ಗಾಜಿನಲ್ಲಿ ಸಿಕ್ಕ ಅಂಕ ದೇಹದೊಳಗಿನ ಕೆಲಸವನ್ನು ಹೇಳುವುದಿಲ್ಲ. ದೇಹಕ್ಕೆ ತನ್ನದೇ ಕಿಣ್ವಗಳ ಕಾವಲಿದೆ. ಫ್ರೀ ರಾಡಿಕಲ್ಲುಗಳೆಂಬ ಆ ಪುಂಡರನ್ನೇ ಬಿಳಿರಕ್ತಕಣಗಳು ರೋಗಾಣು ಕೊಲ್ಲಲು ಬಳಸಿಕೊಳ್ಳುತ್ತವೆ. ಸೊಪ್ಪು, ಕಾಳು, ಹಣ್ಣು ತಿಂದವರು ಚೆನ್ನಾಗಿರುತ್ತಾರೆ, ಅನುಮಾನವಿಲ್ಲ. ಅವುಗಳಿಂದ ಒಂದು ಅಂಶವನ್ನೇ ಹೆಕ್ಕಿ ನುಂಗಿದರೆ ಅದೇ ಫಲ ಸಿಕ್ಕೀತೆಂಬುದಕ್ಕೆ ಆಧಾರ ಸಿಕ್ಕಿಲ್ಲ. ಇದೊಂದೂ ಸ್ಲೈಡಿನಲ್ಲಿರಲಿಲ್ಲ. ನಾಟಿ ಮಾಡಿ ಕೆಸರು ತೊಳೆದುಕೊಂಡು ನೇರ ಶಿಬಿರಕ್ಕೆ ಬಂದ ಹೆಂಗಸರಿಗೆ ತಿಂಗಳ ಕಂತಿನಲ್ಲಿ ಡಬ್ಬಿ ಕೊಡುವ ಫಾರಂ ಮಾತ್ರ ಇತ್ತು. ದಿನಕ್ಕೊಂದು ಹಿಡಿ ಸೊಪ್ಪು ಕೊಳ್ಳಲು ಕೂಲಿ ಸಾಲುತ್ತದೆಯೇ ಎಂದು ಯಾರೂ ಅವರನ್ನು ಕೇಳಲಿಲ್ಲ.

ಕಪ್ಪು ಬೆಲ್ಲಕ್ಕೆ ಹಳದಿಯ ರೇಟು ಕೊಡುವ ಮಂಡಿಯನ್ನು ಮೊದಲು ತೋರಿಸಿ. ಉಪನ್ಯಾಸ ಆಮೇಲೆ ಕೇಳುತ್ತೇವೆ.