ನಡತೆ ನಿಯಮಾವಳಿ ಮಹಾಶಯರಿಗೆ ಅರ್ಪಿಸಿದ ಬಿನ್ನವತ್ತಳೆ

ಅಹಮದಾಬಾದಿನ ಮಣಿನಗರದಲ್ಲಿ, ಕಾಂಕರಿಯಾ ಕೆರೆಯ ದಂಡೆಯ ಮೇಲೆ ನೆರೆದಿದೆಯೆಂದು ಭಾವಿಸಲಾದ ಈ ಸಭೆಯು, ಸರ್ಕಾರಿ ನೌಕರರ ನಡತೆ ನಿಯಮಾವಳಿ ಎಂಬ ನಾಮಧೇಯದ ಮಹಾಶಯರಿಗೆ ಶಾಲು ಹೊದಿಸಿ, ಫಲತಾಂಬೂಲದೊಡನೆ ಈ ಬಿನ್ನವತ್ತಳೆಯನ್ನು ಸವಿನಯವಾಗಿ ಅರ್ಪಿಸುತ್ತದೆ. ಮಹಾಶಯರು ಕೇಂದ್ರದಲ್ಲಿ 1964ರಲ್ಲಿ, ಅಖಿಲ ಭಾರತ ಸೇವೆಗಳಿಗಾಗಿ 1968ರಲ್ಲಿ, ಗುಜರಾತಿನಲ್ಲಿ 1971ರಲ್ಲಿ ಅವತರಿಸಿದವರು. ಕರ್ನಾಟಕದಲ್ಲಂತೂ 1966ರ ಜೀರ್ಣದೇಹವನ್ನು ತ್ಯಜಿಸಿ 2021ರಲ್ಲಿ ಪುನರ್ಜನ್ಮವನ್ನೇ ಪಡೆದವರು.

ಮಹಾಶಯರ ಸಾಧನೆಯ ತಿರುಳೆಲ್ಲ 'ಪ್ರತಿಕೂಲ ಟೀಕೆ'ಯನ್ನು ನಿಷೇಧಿಸುವ ಕಲಮಿನಲ್ಲಿದೆ. ಹಾಗೆಂದರೆ, ಸ್ವಂತ ಹೆಸರಿನಲ್ಲಾಗಲಿ ಗುಪ್ತನಾಮದಲ್ಲಾಗಲಿ ನೌಕರನು ಪ್ರಕಟಿಸುವ ಬರಹದಲ್ಲಿ ಸರ್ಕಾರದ ನೀತಿಯನ್ನು ತಪ್ಪೆನ್ನುವುದು. ಅನುಕೂಲ ಟೀಕೆಯ, ಅಂದರೆ ಹೊಗಳಿಕೆಯ ವಿಷಯದಲ್ಲಿ ಆ ಕಲಮು ಮೌನವಾಗಿರುವುದರಿಂದ, ಮುಂಜಾನೆಯೇ ಮಂತ್ರಿಗಳ ಭಾವಚಿತ್ರಕ್ಕೆ ಕೈಮುಗಿಯುವ ಗುರುತನ್ನು ಅಂಟಿಸುವ ನೌಕರನ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಎಳ್ಳಷ್ಟೂ ಧಕ್ಕೆಯಿಲ್ಲ. ಆದರೆ ಹೊಗಳುವ ಮೊದಲು ಯಾರನ್ನೆಂದು ನೋಡಿಕೊಳ್ಳಬೇಕು. 2016ರಲ್ಲಿ ಮಧ್ಯಪ್ರದೇಶದ ಬಡವಾನಿ ಜಿಲ್ಲಾಧಿಕಾರಿಗಳು ಫೇಸ್‌ಬುಕ್ಕಿನಲ್ಲಿ ನೆಹರೂ ಅವರನ್ನು ಮೆಚ್ಚಿ ಬರೆದ ಬೆನ್ನಿಗೇ ಅವರಿಗೆ ವರ್ಗಾವಣೆಯಾಯಿತು.

ಮಹಾಶಯರ ತಕ್ಕಡಿ ಇನ್ನೂ ಸೂಕ್ಷ್ಮವಾದುದು, ಏಕೆಂದರೆ ಅದು ಕೃತ್ಯವನ್ನಲ್ಲ, ಕೃತ್ಯ ಮಾಡಿದವರ ವೇತನಶ್ರೇಣಿಯನ್ನು ತೂಗುತ್ತದೆ. 2019ರ ಜುಲೈನಲ್ಲಿ ಮೆಹ್ಸಾಣಾ ಜಿಲ್ಲೆಯ ಲಾಂಘಣಜ್ ಠಾಣೆಯ ಲಾಕಪ್ಪಿನ ಮುಂದೆ, ಸಾದಾ ಉಡುಪಿನಲ್ಲಿ, ಹಾಡಿಗೆ ಕೆಲವು ಕ್ಷಣ ಹೆಜ್ಜೆ ಹಾಕಿ ಟಿಕ್‌ಟಾಕಿಗೇರಿಸಿದ ಮಹಿಳಾ ಪೇದೆಗೆ ಅಮಾನತು ದೊರೆಯಿತು. ಅಮಾನತು ಎಂದರೆ ವಿಚಾರಣೆಯ ನೆಪದಲ್ಲಿ ಕೆಲಸದಿಂದ ದೂರವಿಟ್ಟು, ಸಾಮಾನ್ಯವಾಗಿ ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆ ಕೊಡುವುದು. ಅದು ಶಿಕ್ಷೆಯಲ್ಲವೆಂದು ಕಾನೂನು ಹೇಳುತ್ತದೆಯಾದರೂ ಕಿರಾಣಿ ಅಂಗಡಿಯವನಿಗೆ ಆ ಕಾನೂನು ತಿಳಿದಿಲ್ಲ. 2022ರ ನವೆಂಬರಿನಲ್ಲಿ ಇದೇ ಅಹಮದಾಬಾದಿನ ಬಾಪುನಗರ ಮತ್ತು ಅಸಾರವಾ ಕ್ಷೇತ್ರಗಳಿಗೆ ಚುನಾವಣಾ ವೀಕ್ಷಕರಾಗಿ ಬಂದ ಐಎಎಸ್ ಅಧಿಕಾರಿಯೊಬ್ಬರು, ಸರ್ಕಾರಿ ಕಾರಿನ ಪಕ್ಕ ನಿಂತು ತೆಗೆಸಿಕೊಂಡ ಚಿತ್ರವನ್ನು ಇನ್‌ಸ್ಟಾಗ್ರಾಮಿಗೇರಿಸಿದಾಗ, ಚುನಾವಣಾ ಆಯೋಗವು ಅವರನ್ನು ಆ ಹೊಣೆಯಿಂದ ಬಿಡಿಸಿ ಕ್ಷೇತ್ರ ಬಿಡಲು ಸೂಚಿಸಿತು. ಪೇದೆಗೆ ಅರ್ಧ ಸಂಬಳ, ಸಾಹೇಬರಿಗೆ ಊರಿನ ದಾರಿ.

ಕನ್ನಡನಾಡಿನಲ್ಲೂ ಮಹಾಶಯರ ತಕ್ಕಡಿ ಇದೇ. 2023ರ ಫೆಬ್ರವರಿಯಲ್ಲಿ ಡಿ. ರೂಪಾ ಮತ್ತು ರೋಹಿಣಿ ಸಿಂಧೂರಿ ಎಂಬ ಹಿರಿಯ ಅಧಿಕಾರಿಗಳಿಬ್ಬರ ಜಗಳ ಫೇಸ್‌ಬುಕ್ಕಿನಿಂದ ಹೊರಟು ಇಡೀ ರಾಜ್ಯ ಕಣ್ಣರಳಿಸಿ ನೋಡುವಂತಾದಾಗ, ಇಬ್ಬರನ್ನೂ ಸ್ಥಳ ತೋರಿಸದೆ ವರ್ಗಾಯಿಸಲಾಯಿತು. ಅದೇ ವರ್ಷದ ಮೇ ತಿಂಗಳಿನಲ್ಲಿ, ಹೊಸ ಸರ್ಕಾರ ಪ್ರಮಾಣವಚನ ಸ್ವೀಕರಿಸಿದ ಹೊತ್ತಿಗೆ, ಹೊಸದುರ್ಗ ತಾಲ್ಲೂಕಿನ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರು ಯಾವ ಮುಖ್ಯಮಂತ್ರಿಗಳ ಕಾಲದಲ್ಲಿ ರಾಜ್ಯದ ಸಾಲ ಎಷ್ಟೆಂದು ಸಾಲಾಗಿ ಬರೆದದ್ದಕ್ಕೆ ಅಮಾನತುಗೊಂಡರು. ಕೂಡುವ ಲೆಕ್ಕವನ್ನು ಕರಿಹಲಗೆಯ ಮೇಲಷ್ಟೇ ಮಾಡಬೇಕೆಂಬುದು ಅವರಿಗೆ ಹೊಳೆಯದೆ ಹೋಯಿತು.

ಮಹಾಶಯರ ಕೀರ್ತಿಗೆ ಒಂದು ಕಪ್ಪುಚುಕ್ಕೆಯೂ ಉಂಟು. ನಿವೃತ್ತಿಗೆ ಕೆಲವೇ ದಿನಗಳಿದ್ದಾಗ ಅಮಾನತುಗೊಂಡ ಮಹಿಳಾ ನೌಕರರೊಬ್ಬರ ಪ್ರಕರಣದಲ್ಲಿ ತ್ರಿಪುರಾ ಹೈಕೋರ್ಟು 2020ರಲ್ಲಿ, ಸರ್ಕಾರಿ ನೌಕರಳಾದ ಮಾತ್ರಕ್ಕೆ ವಾಕ್‌ಸ್ವಾತಂತ್ರ್ಯ ಇಲ್ಲವಾಗುವುದಿಲ್ಲ ಎಂದಿತು. ತೀರ್ಪಿತ್ತ ಮುಖ್ಯ ನ್ಯಾಯಮೂರ್ತಿ ಅಕೀಲ್ ಕುರೇಶಿಯವರು ಅದಕ್ಕೂ ಮೊದಲು ವರ್ಷಗಟ್ಟಲೆ ಗುಜರಾತ್ ಹೈಕೋರ್ಟಿನಲ್ಲೇ ಇದ್ದವರೆಂಬುದನ್ನು ಸಭೆಯು ಮಹಾಶಯರ ಕಿವಿಗೆ ಬೀಳದಂತೆ ನೆನೆಯುತ್ತದೆ.

ಈ ಬಿನ್ನವತ್ತಳೆಯನ್ನು ಓದಬೇಕಿದ್ದ ಗುಮಾಸ್ತರು ಪೂರ್ವಾನುಮತಿ ಕೋರಿ ಅರ್ಜಿ ಸಲ್ಲಿಸಿದ್ದು, ಕಡತವು ಮೇಲಿನ ಮೇಜಿನಿಂದ ಇನ್ನೂ ಇಳಿಯದಿರುವುದರಿಂದ, ಸದ್ಯಕ್ಕೆ ಶಾಲನ್ನು ಮಡಿಸಿ ಕುರ್ಚಿಯ ಮೇಲೆ ಇಡಲಾಗಿದೆ.