ಹಗುರದ್ದೋ, ಬಲದ್ದೋ? ಅಮೃತಮಹಲ್ ಎತ್ತು ನಡೆಸಿದ ಸಂದರ್ಶನ

ಡಾಂಬರು ಮುಗಿದ ಮೇಲೆ ಸಿಗುವ ಮಣ್ಣು, ಕಲ್ಲು, ಏರು, ಇಳಿಜಾರುಗಳಲ್ಲಿ ಓಡಲೆಂದೇ ಕಟ್ಟಿದ ಬೈಕಿಗೆ ಡರ್ಟ್ ಬೈಕ್ ಎಂದು ಹೆಸರು. ಅದು ಬ್ಯಾಟರಿಯದಾದರೆ ಕೊಳ್ಳುವವರ ಎದುರು ಎರಡು ಪಂಗಡ ನಿಲ್ಲುತ್ತವೆ. ಒಂದು ಚೀನಾದ ಸರ್‌ರಾನ್ ಲೈಟ್ ಬೀ ಜಾತಿಯ ಹಗುರ ಗಾಡಿ: ಬ್ಯಾಟರಿ ಸೇರಿ ಸುಮಾರು 57 ಕಿಲೋ ತೂಕ, ಮೋಟಾರಿನ ಗರಿಷ್ಠ ಶಕ್ತಿ 6 ಕಿಲೋವಾಟ್ ಆಸುಪಾಸು. ಇನ್ನೊಂದು 2021ರ ಕೊನೆಯಲ್ಲಿ ಸ್ಪೇನ್‌ನಿಂದ ಬಂದ ಸ್ಟಾರ್ಕ್ ವಾರ್ಗ್: ತೂಕ 110 ಕಿಲೋಗೂ ಮಿಗಿಲು, ಶಕ್ತಿ 80 ಅಶ್ವಶಕ್ತಿ, ಅಂದರೆ ಸುಮಾರು 60 ಕಿಲೋವಾಟ್. ತೂಕ ಎರಡು ಪಟ್ಟು, ಬಲ ಹತ್ತು ಪಟ್ಟು. ಲೆಕ್ಕ ನೋಡಿ ಕೊಳ್ಳುವವರಿಗೆ ಆಯ್ಕೆ ಇಲ್ಲಿಗೇ ಮುಗಿಯುತ್ತದೆ.

ಬುಕ್ಕಾಂಬುಧಿಯ ಕಡೆ ಮುಗಿಯುವುದಿಲ್ಲ. ಅಜ್ಜಂಪುರ ತಾಲ್ಲೂಕಿನ ಈ ಊರಿನ ಬದಿಗೆ ಬೆಟ್ಟವಿದೆ, ಸುತ್ತ ತೋಟದ ಕಾಲುದಾರಿಗಳಿವೆ, ಅಜ್ಜಂಪುರ, ಶಿವನಿಯ ದಿಕ್ಕಿಗೆ ಎರೆ ಹೊಲಗಳಿವೆ. ಈ ನೆಲದಲ್ಲಿ ಓಡಾಡುವ ಕೆಲಸಕ್ಕೆ ಎರಡು ಬೈಕುಗಳೂ ಅರ್ಜಿ ಹಾಕಿಕೊಂಡವು, ಸಂದರ್ಶಕನ ಸ್ಥಾನದಲ್ಲಿ ಅಮೃತಮಹಲ್ ಎತ್ತೊಂದು ಕೂತಿತು ಎಂಬುದು ಇಲ್ಲಿನ ಕಲ್ಪನೆ.

ಸಂದರ್ಶಕನ ಅರ್ಹತೆಯ ಬಗ್ಗೆ ಎರಡು ಮಾತು ಬೇಕು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನ್ನಿಸಿಕೊಂಡಿದ್ದ ಅರಮನೆಯ ದನಗಳ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಈ ತಳಿಯ ಎತ್ತು ದಪ್ಪ ಮೈಯದಲ್ಲ. ಉದ್ದ ಮುಖ, ಹಿಂದಕ್ಕೆ ಬಾಗಿ ಚೂಪಾದ ಕೊಂಬು, ಬಿಗಿದ ಹೊಟ್ಟೆ, ಗಟ್ಟಿ ಗೊರಸು. ಹಸು ಹಾಲು ಕೊಡುವುದು ಅಷ್ಟಕ್ಕಷ್ಟೆ. ತಳಿಯನ್ನು ಸಾಕಿದ್ದೇ ನಡಿಗೆಗಾಗಿ. ಚಿದಂಬರದ ನೆರವಿಗೆ ಹೊರಟ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳಿಂದ ಎಂದು ಮೈಸೂರಿನ ಹಳೆಯ ಗೆಜೆಟಿಯರ್ ಹೇಳುತ್ತದೆ. ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಒರಟು ನೆಲದಲ್ಲಿ ಭಾರವೂ ಬಲವೂ ಹೇಗೆ ಒಂದಕ್ಕೊಂದು ಜಗಳಾಡುತ್ತವೆ ಎಂದು ಅನುಭವದಿಂದ ಹೇಳಬಲ್ಲ ಅಧಿಕಾರಿ ಈ ಸೀಮೆಯಲ್ಲಿ ಬೇರೆ ಇಲ್ಲ.

ಮೊದಲ ಪ್ರಶ್ನೆ ಬಲದ ಬೈಕಿಗೆ ಬಿತ್ತು. ‘ಎಂಬತ್ತು ಕುದುರೆಯ ಶಕ್ತಿ ಅಂತೀಯಲ್ಲಪ್ಪ, ಅಷ್ಟನ್ನೂ ಎಲ್ಲಿ ಖರ್ಚು ಮಾಡ್ತೀಯ?’

‘ಬೆಟ್ಟ ಹತ್ತೋದಕ್ಕೆ, ಯಜಮಾನರೇ.’

ಸಂದರ್ಶಕ ಅಲ್ಲೇ ಲೆಕ್ಕ ಹಾಕಿಸಿತು. ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವ ಕಡಿದಾದ ದಾರಿ, ಗಂಟೆಗೆ 20 ಕಿಲೋಮೀಟರ್ ವೇಗ, 70 ಕಿಲೋ ತೂಕದ ಸವಾರ ಎಂದಿಟ್ಟುಕೊಂಡರೆ, ಗುರುತ್ವದ ವಿರುದ್ಧ ಏರಲು ಹಗುರ ಬೈಕಿಗೆ ಬೇಕಾಗುವುದು 1.7 ಕಿಲೋವಾಟ್, ಭಾರದ ಬೈಕಿಗೆ 2.5 ಕಿಲೋವಾಟ್. ಸಡಿಲ ಮಣ್ಣು, ಚೈನು, ಮೋಟಾರಿನ ಬಿಸಿ ಎಂದು ಇಮ್ಮಡಿ ಇಟ್ಟರೂ ಮೂರೂವರೆ ಮತ್ತು ಐದು. ಮಿಕ್ಕ 55 ಕಿಲೋವಾಟ್ ಬೆಟ್ಟದ ಪಾಲಿಗೆ ಸುಮ್ಮನೆ ಕೂತಿರುತ್ತದೆ. ಅದು ಎದ್ದು ಕೆಲಸ ಮಾಡುವುದು ಉದ್ದನೆಯ ಬಯಲಿನಲ್ಲಿ, ಆಳದ ಮರಳಿನಲ್ಲಿ, ದಿಬ್ಬದಿಂದ ದಿಬ್ಬಕ್ಕೆ ಹಾರುವ ಮೋಟೋಕ್ರಾಸ್ ಪಂದ್ಯದಲ್ಲಿ. ಕೋಲಾರದ ಕಡೆ ಸಿ.ಎಸ್. ಸಂತೋಷ್ ನಡೆಸುವ ಡರ್ಟ್ ಪಾರ್ಕಿನಂಥ ಜಾಗ ಅದಕ್ಕೆ ಸರಿ. 2015ರಲ್ಲಿ ಡಕಾರ್ ರ‍್ಯಾಲಿಗೆ ಇಳಿದ ಮೊದಲ ಭಾರತೀಯ ಅವರು. ಅಂಥ ಕೈಗೆ 80 ಅಶ್ವಶಕ್ತಿ ಕೊಟ್ಟರೆ ಅರ್ಥವಿದೆ. ಹೊಸಬರ ಕೈಗೆ ಕೊಟ್ಟರೆ ಆಗುವುದೇ ಬೇರೆ. ಎಲೆಕ್ಟ್ರಿಕ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುತ್ತದೆ, ನಡುವೆ ತಡೆಯಲು ಕ್ಲಚ್ ಇಲ್ಲ. ಗಾಡಿ ಮುಂದೆ ಚಿಮ್ಮುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಹಿಂದಕ್ಕೆ ಹೋದ ಮೈಯನ್ನು ಹಿಡಿದುಕೊಳ್ಳಲು ಕೈ ಆಕ್ಸಿಲರೇಟರನ್ನು ಇನ್ನಷ್ಟು ತಿರುವುತ್ತದೆ.

‘ನನ್ನ ಶಕ್ತಿ ಕಮ್ಮಿ ಮಾಡಿಕೋಬಹುದು, ಯಜಮಾನರೇ. ಮೋಡ್ ಇದೆ’ ಎಂದಿತು ಬಲದ ಬೈಕು.

‘ತೂಕ ಕಮ್ಮಿ ಮಾಡೋ ಮೋಡ್ ಇದೆಯಾ?’

ಇದಕ್ಕೆ ಉತ್ತರ ಬರಲಿಲ್ಲ. ಆಯ್ಕೆಯ ತಿರುಳು ಇರುವುದೂ ಈ ಮೌನದಲ್ಲಿಯೇ. ಡರ್ಟ್ ಬೈಕ್ ಸವಾರ ಬೀಳುವುದು ನಿಶ್ಚಿತ. ಬಿದ್ದ ಗಾಡಿಯನ್ನು ಎತ್ತಬೇಕಾದವನೂ ಅವನೇ. ಎರೆ ನೆಲದಲ್ಲಿ ಒಂದು ಮಳೆ ಬಿದ್ದರೆ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ, ಮೆತ್ತಿದ್ದರ ಮೇಲೆ ಇನ್ನೊಂದು ಪದರ ಸೇರಿ, ಕೊನೆಗೆ ಚಕ್ರವೇ ಕಚ್ಚಿಕೊಂಡು ನಿಲ್ಲುತ್ತದೆ. ಬಲ ಹೆಚ್ಚಿಸಿದರೆ ಹಿಂದಿನ ಚಕ್ರ ಇದ್ದಲ್ಲೇ ತಿರುಗಿ ಗುಂಡಿ ತೋಡುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಇಳಿದು, ಬೇಲಿಯಿಂದ ಕೋಲು ಮುರಿದು, ಮಣ್ಣು ಕೆರೆದು, ಗಾಡಿಯನ್ನು ಬದುವಿನ ಮೇಲಕ್ಕೆ ಎಳೆದು ಹಾಕಬೇಕು. ಆಗ 57 ಕಿಲೋ ಒಂದು ಸಿಮೆಂಟ್ ಚೀಲಕ್ಕಿಂತ ಸ್ವಲ್ಪ ಹೆಚ್ಚು, ಒಬ್ಬರಿಂದ ಆಗುವ ಕೆಲಸ. 110 ಕಿಲೋ ಎಂದರೆ ಪಕ್ಕದ ಹೊಲದವರನ್ನು ಕೂಗಬೇಕು. ಮೂರಡಿ ಮೀರಿದ ಸೀಟಿನ ಎತ್ತರ ಬೇರೆ. ಜಾರುವ ಕಡೆ ಕಾಲು ನೆಲಕ್ಕೆ ಎಟುಕದಿದ್ದರೆ ಬೀಳುವ ಸರದಿ ಬೇಗ ಬರುತ್ತದೆ.

ಹಗುರ ಬೈಕು ಇದನ್ನೆಲ್ಲ ಕೇಳುತ್ತ ಬೀಗುತ್ತಿತ್ತು. ಅದರ ಪಾಲಿನ ಪ್ರಶ್ನೆಯೂ ಸಲೀಸಾಗಿರಲಿಲ್ಲ. ‘ಆರು ಕಿಲೋವಾಟ್ ಅಂದೆಯಲ್ಲ, ಎಷ್ಟು ಹೊತ್ತು?’ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವುದು ಕೆಲವೇ ಕ್ಷಣ ಕೊಡಬಲ್ಲ ಗರಿಷ್ಠ ಶಕ್ತಿ. ಎಡೆಬಿಡದೆ ಕೊಡಬಲ್ಲದ್ದು ಅದರ ಅರ್ಧದಷ್ಟು. ಉದ್ದನೆಯ ಏರಿನಲ್ಲಿ ನಿಧಾನವಾಗಿ ಹೋಗುವಾಗ ಗಾಳಿ ಕಮ್ಮಿ, ಕರೆಂಟು ಜಾಸ್ತಿ. ಮೋಟಾರೂ ಕಂಟ್ರೋಲರೂ ಕಾಯುತ್ತವೆ, ಗಾಡಿ ತಾನಾಗಿ ಶಕ್ತಿ ಇಳಿಸಿಕೊಳ್ಳುತ್ತದೆ. ಸವಾರನ ತೂಕ 90 ಕಿಲೋ ದಾಟಿದರೆ ಇದು ಇನ್ನೂ ಬೇಗ. ಬ್ಯಾಟರಿಯಲ್ಲಿ ಹಿಡಿಯುವುದು ಎರಡು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ವಿದ್ಯುತ್. ಬಲದ ಬೈಕಿನಲ್ಲಿ ಆರಕ್ಕೂ ಮಿಗಿಲು. ಇಡೀ ದಿನ ಕಾಡಾಡಿ ತಿರುಗುವವರಿಗೆ ಹಗುರದ್ದು ಸಾಲದು. ಆದರೆ ಬ್ಯಾಟರಿ ಕಳಚಿ ಒಳಗೆ ಒಯ್ದು ಮನೆಯ ಪ್ಲಗ್ಗಿಗೆ ಹಾಕಬಹುದು ಎಂಬುದು ಅದರ ಪರವಾಗಿ ದಾಖಲಾಯಿತು.

‘ಹಿಂದೆ ಒಂದು ಮೂಟೆ ಅಡಿಕೆ ಇಡಬಹುದಾ?’ ಎಂಬ ಪ್ರಶ್ನೆಗೆ ಎರಡೂ ತಲೆ ತಗ್ಗಿಸಿದವು. ಎರಡಕ್ಕೂ ಕ್ಯಾರಿಯರ್ ಇಲ್ಲ. ಆ ಹೊತ್ತಿಗೆ ಹೊರಗೆ, ಐದು ಅಶ್ವಶಕ್ತಿಯೂ ಇಲ್ಲದ ಟಿವಿಎಸ್ ಎಕ್ಸೆಲ್ ಒಂದು ಎರಡು ಮೂಟೆ, ಒಂದು ಹಾಲಿನ ಕ್ಯಾನು ಮತ್ತು ಯಜಮಾನನ ಸಮೇತ ಹಾದುಹೋಯಿತು. ಅದು ಅರ್ಜಿ ಹಾಕಿರಲಿಲ್ಲ.

ಕಾನೂನಿನ ಸರದಿ ಬಂದಾಗ ಹಗುರ ಬೈಕು ಎದೆಯುಬ್ಬಿಸಿತು: 60 ಕಿಲೋದೊಳಗಿನ ವಿದ್ಯುತ್ ಗಾಡಿಗೆ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡವಂತೆ. ಅರ್ಧ ಓದಿದವರ ಮಾತು ಇದು. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಆ ರಿಯಾಯಿತಿಗೆ ಮುಖ್ಯವಾಗಿ ಮೂರು ಷರತ್ತು: ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರಬಾರದು, ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ ಇರಬೇಕು, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ನಿಲ್ಲಬೇಕು. ಮೂರೂ ಒಟ್ಟಿಗೆ. ತೂಕದಲ್ಲಿ ಪಾಸಾದ ಬೈಕು ಮಿಕ್ಕೆರಡರಲ್ಲಿ ಡುಮ್ಕಿ. ಇಲ್ಲಿನ ಅನುಮೋದನೆ ಪಡೆಯದ ಗಾಡಿಯನ್ನು ಆರ್‌ಟಿಒದಲ್ಲಿ ನೋಂದಾಯಿಸಲು ಬರುವುದಿಲ್ಲ. ನೋಂದಣಿ ಇಲ್ಲದ್ದು ತೋಟದ ಗೇಟು ದಾಟಿ ರಸ್ತೆಗೆ ಬರುವಂತಿಲ್ಲ. ಬಲದ ಬೈಕಿಗೂ ಇದೇ ನಿಯಮ, ಎರಡಕ್ಕೂ ಆಮದು ಸುಂಕ ಬೇರೆ.

ಈ ಹಂತದಲ್ಲಿ ಕರೆಯದ ಮೂರನೆಯ ಅಭ್ಯರ್ಥಿ ಒಳಗೆ ಬಂತು. ಬೆಂಗಳೂರಿನ ಅಲ್ಟ್ರಾವಯೊಲೆಟ್ ಕಂಪನಿ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ಶಾಕ್‌ವೇವ್: 120 ಕಿಲೋ, 14.5 ಅಶ್ವಶಕ್ತಿ, 4 ಯೂನಿಟ್ ಬ್ಯಾಟರಿ, ಆಗ ಹೇಳಿದ ಬೆಲೆ 1.75 ಲಕ್ಷ ರೂಪಾಯಿ, ಮೊದಲ ಸಾವಿರ ಗ್ರಾಹಕರಿಗೆ ಅದಕ್ಕಿಂತ ಕಡಿಮೆ. ನಂಬರ್ ಪ್ಲೇಟು, ಲೈಟು, ಇಂಡಿಕೇಟರ್ ಹಾಕಿಕೊಂಡು ರಸ್ತೆಗೂ ಇಳಿಯಲೆಂದು ಮಾಡಿದ್ದು. ತೂಕದಲ್ಲಿ ಬಲದ ಬೈಕಿನ ಸಾಲು, ಬಲದಲ್ಲಿ ಹಗುರದ್ದರ ಹತ್ತಿರ. ಎರಡೂ ಕಡೆಯ ಕೊರತೆ ಕೂಡಿಸಿಕೊಂಡಂತೆ ಕಂಡರೂ, ಮನೆಯಿಂದ ಹೊರಟು ತರೀಕೆರೆಗೆ ಹೋಗಿ ಬರಲು ಲಾರಿ ಬೇಡದ ಅಭ್ಯರ್ಥಿ ಇದೊಂದೇ. ‘ಒಂದು ಚಾರ್ಜಿಗೆ 165 ಕಿಲೋಮೀಟರ್’ ಎಂದು ಅದು ಹೇಳಿಕೊಂಡಿತು. ಪ್ರಯೋಗಾಲಯದ ಅಳತೆಯದು, ಏರು, ಕೆಸರಿನಲ್ಲಿ ಇಳಿಯುತ್ತದೆ. ನೂರು ಮೈಲಿ ಎಂದರೂ ಹತ್ತಿರ ಹತ್ತಿರ ಅಷ್ಟೇ ದೂರ. ಸಂದರ್ಶಕ ತನ್ನ ಪೂರ್ವಿಕರು ಅದನ್ನು ಫಿರಂಗಿ ಎಳೆದುಕೊಂಡು, ದಾರಿಯಲ್ಲಿ ಸಿಕ್ಕಿದ ಹುಲ್ಲು ತಿಂದು ಕ್ರಮಿಸಿದ್ದನ್ನು ನೆನಪಿಸಿತು.

ತೀರ್ಪು ಹೀಗೆ ದಾಖಲಾಯಿತು. ಕಲಿಯುವವರಿಗೆ, ಸ್ವಂತ ತೋಟದೊಳಗೆ ಓಡಿಸುವವರಿಗೆ, ಒಬ್ಬರೇ ಹೋಗುವವರಿಗೆ ಹಗುರದ್ದು. ಮೈಭಾರ ಹೆಚ್ಚಿದ್ದವರು ಕೊಳ್ಳುವ ಮುನ್ನ ನಿರಂತರ ಶಕ್ತಿ ಎಷ್ಟೆಂದು ಕೇಳಬೇಕು. ಪಳಗಿದ ಕೈಗೆ, ಮುಚ್ಚಿದ ಟ್ರ್ಯಾಕಿನಲ್ಲಿ ಮಾತ್ರ ಬಲದ್ದು. ರಸ್ತೆಯೂ ಬೇಕೆನ್ನುವವರು ನೋಂದಣಿಯಾಗುವ ಗಾಡಿಯನ್ನೇ ನೋಡಬೇಕು, ತೂಕದ ಮಾತು ಆಮೇಲೆ.

ಎಲ್ಲಿ ಓಡಿಸಬಾರದು ಎಂಬುದರಲ್ಲಿ ಮೂರಕ್ಕೂ ಒಂದೇ ಉತ್ತರ. ಬುಕ್ಕಾಂಬುಧಿ ಬೆಟ್ಟವನ್ನು ಉಜ್ಜಯಿನಿ ಪೀಠದ ಸಿದ್ಧಲಿಂಗ ಜಗದ್ಗುರುಗಳು ತಪಸ್ಸು ಮಾಡಿದ ಸ್ಥಳವೆಂದು ಭಕ್ತರು ಹತ್ತುತ್ತಾರೆ. ಅದು ಪಂದ್ಯದ ದಿಬ್ಬವಲ್ಲ. ಇನ್ನು ಅಮೃತಮಹಲ್ ಕಾವಲುಗಳು, ಅಂದರೆ ಈ ತಳಿಯ ದನ ಮೇಯಲೆಂದು ಬಿಟ್ಟ ಹುಲ್ಲುಗಾವಲುಗಳು. ಸದ್ದಿಲ್ಲದ ಗಾಡಿ ಹುಲ್ಲಿಗೆ ತೊಂದರೆ ಕೊಡದು ಎಂದು ಮೂರೂ ವಾದಿಸಿದವು. ಟೈರಿನ ಗುಬಟು ಹುಲ್ಲಿನ ಬೇರು ಕೀಳಲು ಸದ್ದು ಬೇಕಿಲ್ಲ, ನೆಲದಲ್ಲೇ ಮೊಟ್ಟೆಯಿಡುವ ಹಕ್ಕಿಗಂತೂ ಸದ್ದು ಮಾಡದೆ ಬರುವ ಚಕ್ರವೇ ಹೆಚ್ಚು ಅಪಾಯ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಿಂದ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು. ಹಗುರದ್ದಾಗಲಿ ಬಲದ್ದಾಗಲಿ, ಅಲ್ಲಿಗೆ ಡರ್ಟ್ ಬೈಕ್ ಒಯ್ಯಬೇಡಿ.