ಮೂರನೆಯ ದಿನ ಮನುಷ್ಯರು

ಆಫ್ರಿಕಾ ದೊಡ್ಡ ಖಂಡ, ರಜೆ ಚಿಕ್ಕದು. ಆದ್ದರಿಂದ ಉಗಾಂಡದ ನೈಋತ್ಯ ಮೂಲೆಯ ಕಿಸೊರೊ ಪಟ್ಟಣದಲ್ಲಿ ಬೆಟ್ಟ, ಗೊರಿಲ್ಲಾ, ಹಳ್ಳಿ ಮೂರನ್ನೂ ಒಂದೇ ಪ್ಯಾಕೇಜಿಗೆ ಸೇರಿಸಿದ್ದಾರೆ. ಮೂರು ದಿನದಲ್ಲಿ ಖಂಡ ಖಲಾಸ್.

ಮೊದಲ ದಿನ ಬೆಟ್ಟ. ಮ್ಗಾಹಿಂಗಾ ರಾಷ್ಟ್ರೀಯ ಉದ್ಯಾನದ ಸಬಿನ್ಯೊ ಎಂಬ ಆರಿದ ಜ್ವಾಲಾಮುಖಿಯನ್ನು ಮರದ ಏಣಿ ಹಿಡಿದು ಹತ್ತಬೇಕು. ಮಳೆ ಬಂದು ಏಣಿ ಜಾರತೊಡಗಿದರೆ ನಾಸ್ತಿಕರಿಗೂ ಕುಲದೇವರು ನೆನಪಾಗುತ್ತಾರೆ. ತುದಿಯಲ್ಲಿ ಉಗಾಂಡ, ರುವಾಂಡ, ಕಾಂಗೊ ಗಡಿಗಳು ಕೂಡುತ್ತವೆ. ಅಲ್ಲಿ ನಿಂತು ಒಂದು ಸುತ್ತು ತಿರುಗಿದರೆ ಮೂರು ದೇಶ ಮುಗಿಯಿತು. ಸ್ಟೇಟಸ್‌ಗೆ ಅಷ್ಟು ಸಾಕು.

ಎರಡನೆಯ ದಿನ ಬ್ವಿಂಡಿ ಕಾಡಿನ ಗೊರಿಲ್ಲಾ. ವಿದೇಶಿಯರಿಗೆ ಪರ್ಮಿಟ್ 800 ಡಾಲರ್. ಪಕ್ಕದ ರುವಾಂಡದಲ್ಲಿ 1,500 ಇರುವಾಗ ಇದನ್ನು ಆಷಾಢದ ರಿಯಾಯಿತಿ ಎಂದೇ ತಿಳಿಯಬೇಕು. ನಡೆಯಲಾರದವರಿಗೆ ‘ಆಫ್ರಿಕನ್ ಹೆಲಿಕಾಪ್ಟರ್’ ಉಂಟು. ರೆಕ್ಕೆಯಿಲ್ಲ, ಇಂಜಿನ್ನಿಲ್ಲ, ಗಿರಾಕಿಯನ್ನು ಕೂರಿಸಿಕೊಂಡು ಊರಿನ ಹುಡುಗರು ಸರದಿಯಂತೆ ಹೆಗಲು ಕೊಟ್ಟು ಗುಡ್ಡ ದಾಟಿಸುತ್ತಾರೆ. ನಮ್ಮಲ್ಲಿ ಅಡ್ಡಪಲ್ಲಕ್ಕಿ ಏರಲು ಜಗದ್ಗುರುವಾಗಬೇಕು. ಇಲ್ಲಿ ಡಾಲರ್ ಇದ್ದರಾಯಿತು.

ಗೊರಿಲ್ಲಾ ಕಂಡಮೇಲೆ ಮಾತ್ರ ಶಿಸ್ತೋ ಶಿಸ್ತು. ಒಂದು ಕುಟುಂಬದ ದರ್ಶನಕ್ಕೆ ಎಂಟೇ ಜನ, ಒಂದೇ ತಾಸು. ಹತ್ತು ಮೀಟರ್ ದೂರ ನಿಲ್ಲಬೇಕು, ಮಾಸ್ಕ್ ಹಾಕಬೇಕು, ಫ್ಲ್ಯಾಶ್ ಹೊಡೆಯುವಂತಿಲ್ಲ. ನೆಗಡಿಯಾದವರು ಹೊರಗೇ, ನಮ್ಮ ಕೆಮ್ಮು ಅವುಗಳ ಜೀವಕ್ಕೇ ಸಂಚಕಾರ. ಹೀಗೆ ಜತನ ಮಾಡಿದ್ದಕ್ಕೇ ಬೆಟ್ಟದ ಗೊರಿಲ್ಲಾಗಳು ಸಾವಿರ ದಾಟಿವೆ. ಸಂತೋಷ, ತಕರಾರಿಲ್ಲ.

ಮೂರನೆಯ ದಿನ ಮನುಷ್ಯರು. ತಲೆತಲಾಂತರದಿಂದ ಈ ಕಾಡುಗಳಲ್ಲಿ ಜೇನು ಕೀಳುತ್ತ, ಬೇಟೆಯಾಡುತ್ತ ಬಾಳಿದ ಬಟ್ವಾ ಜನ. 1991ರಲ್ಲಿ ಬ್ವಿಂಡಿ, ಮ್ಗಾಹಿಂಗಾ ರಾಷ್ಟ್ರೀಯ ಉದ್ಯಾನಗಳಾದವು. ಬಟ್ವಾಗಳು ಕಾಡಂಚಿಗೆ ಬಿದ್ದು ಕಂಡವರ ಹೊಲದಲ್ಲಿ ಕೂಲಿಗಳಾದರು. ಈಗ ಪ್ರವಾಸಿಗರನ್ನು ಕರೆದುಕೊಂಡು ಮ್ಗಾಹಿಂಗಾದ ಅದೇ ಕಾಡಿಗೆ ಬರುತ್ತಾರೆ. ಕಡ್ಡಿಗೆ ಕಡ್ಡಿ ಉಜ್ಜಿ ಬೆಂಕಿ ತೆಗೆದು ತೋರಿಸುತ್ತಾರೆ. ಬಿಲ್ಲು ಎಳೆದು ಇಲ್ಲದ ಪ್ರಾಣಿಗೆ ಗುರಿ ಇಡುತ್ತಾರೆ. ಗರಾಮಾ ಗುಹೆಯ ಕತ್ತಲಲ್ಲಿ ಹಾಡುತ್ತಾರೆ. ಬದುಕಿದರೆ ಅಪರಾಧ, ನಟಿಸಿದರೆ ಟಿಕೆಟ್.

ಇಲ್ಲಿ ಮೀಟರ್ ಲೆಕ್ಕ ಯಾರಿಗೂ ನೆನಪಿರುವುದಿಲ್ಲ. ನಿನ್ನೆ ಉಸಿರು ಬಿಗಿಹಿಡಿದು ನಿಂತಿದ್ದ ಮಹಾಶಯರೇ ಇಂದು ಮಗುವಿನ ಮೂಗಿಗೆ ತಾಗುವಂತೆ ಕ್ಯಾಮೆರಾ ಹಿಡಿಯುತ್ತಾರೆ. ಕುಣಿತ ಸರಿಯಾಗಿ ರೆಕಾರ್ಡ್ ಆಗಲಿಲ್ಲವೆಂದು ಇನ್ನೊಮ್ಮೆ ಕುಣಿಸುತ್ತಾರೆ. ‘ಏನೂ ಇಲ್ಲದಿದ್ದರೂ ಎಷ್ಟು ಖುಷಿಯಾಗಿದ್ದಾರೆ ನೋಡಿ’ ಎಂದು ಕಣ್ಣೊರೆಸಿಕೊಂಡು ಜೀಪು ಹತ್ತುತ್ತಾರೆ. ಆ ‘ಏನೂ ಇಲ್ಲ’ ಹೇಗಾಯಿತೆಂದು ಕೇಳಲು ಪುರುಸೊತ್ತಿಲ್ಲ, ವಿಮಾನ ಕಾಯುತ್ತಿದೆ.

ಬಟ್ವಾಗಳಿಗೆ ಅನ್ಯಾಯವಾಗಿದೆಯೆಂದು ಉಗಾಂಡದ ಸಂವಿಧಾನ ನ್ಯಾಯಾಲಯವೇ 2021ರಲ್ಲಿ ಹೇಳಿತು. ಆದರೆ ಮಾನವ ಹಕ್ಕಿನ ಕಡತ ಯಾವ ದೇಶದಲ್ಲೂ ಲಗುಬಗೆಯಿಂದ ಓಡಾಡುವುದಿಲ್ಲ. ಅಲ್ಲಿಯವರೆಗೆ ಎರಡನೆಯ ದಿನದ ನಿಯಮಗಳನ್ನೇ ಮೂರನೆಯ ದಿನಕ್ಕೂ ಅಂಟಿಸಿಬಿಡಲಿ: ಎಂಟೇ ಜನ, ಒಂದೇ ತಾಸು, ಹತ್ತು ಮೀಟರ್ ದೂರ, ತಲೆಗೆ 800 ಡಾಲರ್. ತೊಡಕು ಒಂದೇ. ಆ ನಿಯಮಗಳೆಲ್ಲ ನಿಂತಿರುವುದು ‘ಕಾಡು ಅಲ್ಲಿರುವವರದು, ನಾವು ಬಂದುಹೋಗುವವರು’ ಎಂಬ ಮಾತಿನ ಮೇಲೆ. ಅದನ್ನೂ ಅಂಟಿಸಿದರೆ ಬಟ್ವಾಗಳಿಗೆ ಕಾಡು ಬಿಟ್ಟುಕೊಡಬೇಕಾಗುತ್ತದೆ. ಅಷ್ಟು ದುಬಾರಿ ಪರ್ಮಿಟ್ಟನ್ನು ಯಾರೂ ಇನ್ನೂ ಅಚ್ಚು ಹಾಕಿಸಿಲ್ಲ.